ಕಾಂಡ್ಲಾ ಗಿಡದ ಪಾಸ್‌ಬುಕ್

ಹೋದ ವರ್ಷ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಕುಮಟಾಕ್ಕೆ ಹೋಗಿದ್ದೆ. ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ, ಉಪ್ಪು ಕೆಸರಿನಲ್ಲಿ ಕಾಂಡ್ಲಾ ಗಿಡಗಳು ನಿಂತಿದ್ದವು. ಕೆಲವಕ್ಕೆ ಊರುಗೋಲಿನಂಥ ಬೇರು. ಇನ್ನು ಕೆಲವುಗಳ ಬೇರು ಉಸಿರಾಡಲು ಪೆನ್ಸಿಲ್ಲಿನಂತೆ ಕೆಸರಿನಿಂದ ಮೇಲೆದ್ದಿತ್ತು. ಸಂಜೆ ಭರತ ಬಂದು ಬೇರೆಲ್ಲ ಮುಳುಗಿದಾಗ ಹುಡುಗಿ ಕೇಳಿದಳು: “ಅಜ್ಜಾ, ಸಮುದ್ರ ವರ್ಷಾ ವರ್ಷಾ ಏರಾಕತ್ತೈತಿ ಅಂತ ಟೀಚರ್ ಹೇಳ್ಯಾರ. ಈ ಗಿಡಾ ಎಲ್ಲಿಗೆ ಓಡಿ ಹೋಗ್ತಾವ?”

ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಊರಿಗೆ ಬಂದು ಓದಿ ತಿಳಿದುಕೊಂಡೆ. ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದೇ ಮುದುಕನಾದವನು ನಾನು. ಆ ಲೆಕ್ಕದಲ್ಲೇ ಹೇಳುತ್ತೇನೆ.

ಗಿಡ ಓಡುವುದಿಲ್ಲ. ತಾನು ನಿಂತ ನೆಲವನ್ನೇ ಎತ್ತರ ಮಾಡಿಕೊಳ್ಳುತ್ತದೆ. ಇದರಲ್ಲಿ ಜಮಾ ಎರಡು ಬಗೆ. ಒಂದು, ನದಿ ಮತ್ತು ಭರತ ತರುವ ಹೂಳು. ಗಿಡಗಳ ನಡುವೆ ನೀರು ನಿಧಾನವಾಗಿ ಹೂಳು ತಳಕ್ಕೆ ಕೂರುತ್ತದೆ. ಎರಡು, ಬೇರು, ಗಾಳಿಯಾಡದ ಕೆಸರಿನಲ್ಲಿ ಸತ್ತ ಬೇರು ಬೇಗ ಕೊಳೆಯದೆ ಮಣ್ಣಾಗಿ ಸೇರುತ್ತ ಹೋಗುತ್ತದೆ. ಖರ್ಚಿನ ಕಡೆ ಇರುವುದು ಏರುವ ಸಮುದ್ರ. 1901ರಿಂದ 2018ರೊಳಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. ಈಗ ವರ್ಷಕ್ಕೆ ಸುಮಾರು 4 ಮಿಲಿಮೀಟರ್. ಜಮಾ ಕಡಿಮೆಯಾದರೆ ಗಿಡ ಮುಳುಗುತ್ತದೆ.

ಸಮುದ್ರ ಏರಲು ಮುಖ್ಯ ಕಾರಣ ನಾವು ಬಿಡುವ ಇಂಗಾಲದ ಡೈಆಕ್ಸೈಡ್. ಕಾರ್ಖಾನೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 280 ಭಾಗವಿತ್ತು. ಈಗ 420 ದಾಟಿದೆ. ಆದರೆ ಅದೇ ಅನಿಲ ಗಿಡಗಳಿಗೆ ಆಹಾರ. ಹಾಗಾದರೆ ಎಲ್ಲ ಗಿಡಕ್ಕೂ ಲಾಭವೇ?

ನಮ್ಮ ಜಿಲ್ಲೆಯನ್ನೇ ನೋಡಿ. ಗಂಗಾವತಿಯಲ್ಲಿ ಭತ್ತ, ಕುಷ್ಟಗಿ-ಯಲಬುರ್ಗಾದಲ್ಲಿ ಜೋಳ, ಸಜ್ಜೆ. ಜೋಳದ ಎಲೆಯೊಳಗೆ ಈ ಅನಿಲವನ್ನು ಒಟ್ಟುಗೂಡಿಸುವ ಏರ್ಪಾಡು ಮೊದಲೇ ಇದೆ. ಗಾಳಿಯಲ್ಲಿ ಹೆಚ್ಚಾದರೂ ಅದಕ್ಕೆ ಅಷ್ಟು ಲಾಭವಿಲ್ಲ. ಭತ್ತಕ್ಕೆ ಆ ಏರ್ಪಾಡಿಲ್ಲ. ಹೆಚ್ಚು ಸಿಕ್ಕರೆ ಹೆಚ್ಚು ಬೆಳೆಯುತ್ತದೆ. ಕಡಲತೀರದ ಜೌಗಿನಲ್ಲೂ ಈ ಎರಡು ಬಣಗಳಿವೆ. ಕಾಂಡ್ಲಾ ಭತ್ತದ ಬಣದ್ದು.

ಅಮೆರಿಕದ ಚೆಸಪೀಕ್ ಕೊಲ್ಲಿಯ ಜೌಗಿನಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿಗಳು 1987ರಲ್ಲಿ ಒಂದು ಪ್ರಯೋಗ ಆರಂಭಿಸಿದರು. ಹುಲ್ಲಿನ ಸುತ್ತ ಮೇಲ್ಭಾಗ ತೆರೆದ ಪಾರದರ್ಶಕ ಗೂಡು ಕಟ್ಟಿ, ಒಳಗೆ ಹೆಚ್ಚುವರಿ ಅನಿಲ ಬಿಟ್ಟರು. ಭತ್ತದ ಬಣಕ್ಕೆ ಸೇರಿದ, ಜೇಕಿನ ಜಾತಿಯ ಹುಲ್ಲು ಹುಲುಸಾಗಿ ಬೆಳೆಯಿತು; ಇನ್ನೊಂದು ಬಣದ ಹುಲ್ಲಿಗೆ ಅಂಥ ಲಾಭವಾಗಲಿಲ್ಲ. 2009ರಲ್ಲಿ ಇನ್ನೊಂದು ಸಂಗತಿ ಪ್ರಕಟವಾಯಿತು: ಅದೇ ಜೌಗಿನಲ್ಲಿ ಹೆಚ್ಚು ಅನಿಲ ಸಿಕ್ಕ ಕಡೆ ಬೇರು ಬೆಳೆದು, ನೆಲ ವರ್ಷಕ್ಕೆ 3.9 ಮಿಲಿಮೀಟರ್ ಹೆಚ್ಚಾಗಿ ಏರಿತ್ತು!

ಸಂತೋಷಪಡುವ ಮೊದಲು ಪಾಸ್‌ಬುಕ್ಕಿನ ಮುಂದಿನ ಪುಟ ನೋಡಿ. ಸಮುದ್ರದ ಏರಿಕೆ ಚುರುಕಾಗಿ ನೀರು ಹೆಚ್ಚು ಹೊತ್ತು ನಿಂತಂತೆ, ಅನಿಲದಿಂದ ಬಂದ ಲಾಭ ಕರಗಿಹೋಯಿತು. 33 ವರ್ಷಗಳ ಈ ಲೆಕ್ಕ 2022ರಲ್ಲಿ ಪ್ರಕಟವಾಯಿತು. ಊಟ ಎಷ್ಟಿದ್ದರೇನು, ಉಸಿರು ಕಟ್ಟಿದವನು ಉಣ್ಣಬಲ್ಲನೇ?

ಮೊಮ್ಮಗಳಿಗೆ ಹೇಳಲು ಇನ್ನೊಂದು ಮಾತಿದೆ. ಗಿಡ ಓಡದಿದ್ದರೂ ಅದರ ಮಕ್ಕಳು ಓಡಬಹುದು. ಕಾಂಡ್ಲಾ ಬೀಜ ತಾಯಿಗಿಡದಲ್ಲೇ ಮೊಳೆತು, ನೀರಿಗೆ ಬಿದ್ದು ತೇಲುತ್ತ ಹೋಗಿ ಎತ್ತರದ ಕೆಸರಿನಲ್ಲಿ ಬೇರೂರಬಲ್ಲದು. ಆದರೆ ಅಲ್ಲಿ ರಸ್ತೆ, ಗೋಡೆ ಕಟ್ಟಿಬಿಟ್ಟಿದ್ದರೆ ಜಾಗವೆಲ್ಲಿ?

ಸಮುದ್ರವಿಲ್ಲದ ಕೊಪ್ಪಳಕ್ಕೆ ಇದರ ಗೊಡವೆ ಏಕೆ ಎನ್ನಬೇಡಿ. ನಮ್ಮ ತುಂಗಭದ್ರೆ ಕೃಷ್ಣೆಯನ್ನು ಸೇರುತ್ತದೆ; ಕೃಷ್ಣೆ ಆಂಧ್ರದಲ್ಲಿ ಸಮುದ್ರ ಸೇರುವಲ್ಲಿಯೂ ಕಾಂಡ್ಲಾ ಕಾಡಿದೆ. ಅಲ್ಲಿಗೆ ಜಮೆಯಾಗಬೇಕಿದ್ದ ಹೂಳಿನ ಒಂದು ಪಾಲು ನಮ್ಮ ಮುನಿರಾಬಾದಿನ ಜಲಾಶಯದಲ್ಲೇ ನಿಂತಿದೆ. 133 ಟಿಎಂಸಿ ಹಿಡಿಯುತ್ತಿದ್ದ ಆ ಜಲಾಶಯದ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿರುವುದು ಅದರಿಂದಲೇ. ನಮಗೆ ನೀರು ಕಡಿಮೆ, ಅಲ್ಲಿನ ಗಿಡಕ್ಕೆ ಮಣ್ಣು ಕಡಿಮೆ.

ಮಕ್ಕಳೇ, ಮಳೆಗಾಲದಲ್ಲಿ ಹಳ್ಳದ ಕೆಂಪು ನೀರನ್ನು ದೊಡ್ಡವರಿಂದ ಒಂದು ಗಾಜಿನ ಲೋಟದಲ್ಲಿ ತರಿಸಿ, ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಕೂತ ಮಣ್ಣನ್ನು ನಿಮ್ಮ ಅಜ್ಜ-ಅಜ್ಜಿಗೆ ತೋರಿಸಿ. ಕಾಂಡ್ಲಾ ಗಿಡ ಕಾಯುತ್ತಿರುವ ಜಮಾ ಅದೇ.