ಹೈಬ್ರಿಡ್ ಕಾರಿನ ತಂಪು: ಗೃಹಸ್ಥನು ಮಾಡತಕ್ಕದ್ದೂ ಮಾಡಕೂಡದ್ದೂ

ಮನೆಯ ಸಣ್ಣಪುಟ್ಟ ದುರಸ್ತಿಗಳನ್ನು ತಾನೇ ಮಾಡಿಕೊಳ್ಳುವ ಗೃಹಸ್ಥನಿಗೆ ಹಣದ ಉಳಿತಾಯವೇ ಅಲ್ಲದೆ, ತನ್ನ ವಸ್ತುವಿನ ಒಳಹೊರಗನ್ನು ತಿಳಿದ ತೃಪ್ತಿಯೂ ದೊರೆಯುವುದು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಮಾರಾಟಕ್ಕೆ ಬಂದಂದಿನಿಂದ ಹೈಬ್ರಿಡ್ ಕಾರುಗಳು ಲೋಕದಲ್ಲಿ ಹಬ್ಬಿವೆ. ನಮ್ಮ ಬಿಡದಿಯ ಕಾರ್ಖಾನೆಯಿಂದಲೂ 2013ರಿಂದೀಚೆಗೆ ಅಂಥ ಕಾರುಗಳು ಹೊರಬಂದಿವೆ. ಇವು ಹಳೆಯವಾದಾಗ ತಂಪುಗೊಳಿಸುವ ಭಾಗಗಳನ್ನು ಮನೆಯಲ್ಲಿಯೇ ಬದಲಾಯಿಸಬಹುದೆ? ಬದಲಾಯಿಸಬಹುದು, ಆದರೆ ಕೈಯಿಡತಕ್ಕ ಸ್ಥಳವಾವುದು, ಕೈಯಿಡಕೂಡದ ಸ್ಥಳವಾವುದು ಎಂಬ ವಿವೇಕವು ಮೊದಲು ಬೇಕು.

ಸಾಮಾನ್ಯ ಕಾರಿನಲ್ಲಿ ತಂಪುನೀರಿನ ಹಾದಿ ಒಂದೇ. ಪ್ರಿಯಸ್ಸಿನಂಥ ಕಾರಿನಲ್ಲಿ ಎರಡು. ಒಂದು ಎಂಜಿನಿನದು, ಮತ್ತೊಂದು ಇನ್ವರ್ಟರಿನದು. ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ತಕ್ಕಂತೆ ಮಾರ್ಪಡಿಸಿಕೊಡುವ ಯಂತ್ರವೇ ಇನ್ವರ್ಟರು. ಇದರ ನೀರನ್ನು ತಿರುಗಿಸಲು ಸಣ್ಣದೊಂದು ವಿದ್ಯುತ್ ಪಂಪಿರುವುದು. ಪ್ರಿಯಸ್ಸಿನ ಎರಡನೆಯ ಪೀಳಿಗೆಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಕಾರಿನ ‘ರೆಡಿ’ ದೀಪವು ಉರಿಯುತ್ತಿರುವಾಗ ಇನ್ವರ್ಟರಿನ ನೀರಿನ ಡಬ್ಬಿಯೊಳಗೆ ನೋಡಿದರೆ ನೀರು ಕದಡಿ ಸುಳಿಯುತ್ತಿರಬೇಕು. ನಿಶ್ಚಲವಾಗಿದ್ದರೆ ಪಂಪು ಕೆಟ್ಟಿರಬಹುದು, ಕಾರನ್ನು ಓಡಿಸಕೂಡದು.

ಎಂಜಿನು ಮೌನವಾಗಿದ್ದ ಮಾತ್ರಕ್ಕೆ ಕಾರು ಆರಿದೆಯೆಂದು ಭಾವಿಸುವುದು ದೊಡ್ಡ ತಪ್ಪು. ‘ರೆಡಿ’ ದೀಪವು ಉರಿಯುತ್ತಿರುವವರೆಗೆ ಅದು ಯಾವ ಕ್ಷಣದಲ್ಲಾದರೂ ತಾನಾಗಿ ಚಾಲೂ ಆಗಬಹುದು. ಆದುದರಿಂದ ಕಾರನ್ನು ಆರಿಸಿ, ಬೀಗದ ಕೈಯನ್ನು ದೂರದಲ್ಲಿಟ್ಟು, ಚಿಕ್ಕದಾದ 12 ವೋಲ್ಟಿನ ಬ್ಯಾಟರಿಯ ಋಣ ತಂತಿಯನ್ನು ಕಳಚತಕ್ಕದ್ದು. ಎಂಜಿನು ಪೂರ್ಣವಾಗಿ ತಣಿಯುವ ಮೊದಲು ರೇಡಿಯೇಟರಿನ ಮುಚ್ಚಳವನ್ನು ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುವುದು.

ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಮುಟ್ಟಲೇ ಕೂಡದು; ಇನ್ವರ್ಟರಿನ ಪೆಟ್ಟಿಗೆಯನ್ನು ಬಿಚ್ಚಲೂ ಕೂಡದು. ನಮ್ಮ ಮನೆಗಳ ವಿದ್ಯುತ್ತು 230 ವೋಲ್ಟು. ಮೇಲೆ ಹೇಳಿದ ಪ್ರಿಯಸ್ಸಿನಲ್ಲಿ ಮೋಟಾರಿಗೆ ಹೋಗುವ ವಿದ್ಯುತ್ತು 500 ವೋಲ್ಟಿನವರೆಗೂ ಏರುವುದು. ಆ ಕೆಲಸವು ಶಿಕ್ಷಣ ಪಡೆದವರದು. ನೀರಿನ ಕೊಳವೆ, ಪಂಪು, ಮುಚ್ಚಳ, ಇವಿಷ್ಟೇ ನಮ್ಮ ಎಲ್ಲೆ.

ಹಳೆಯ ನೀರನ್ನು ಬೋಗುಣಿಗೆ ಇಳಿಸಿ, ಕೊಳವೆಗಳನ್ನು ಕಳಚಿ, ಹೊಸ ಪಂಪನ್ನು ಕೂಡಿಸಿದ ಬಳಿಕ, ಕೊಳವೆಯ ಬಿಗಿಪಟ್ಟಿಗಳನ್ನು ಮೊದಲಿದ್ದ ಗುರುತಿನಲ್ಲಿಯೇ ತೊಡಿಸಬೇಕು. ಕೊಳವೆಬಾವಿಯ ನೀರನ್ನು ಸುರಿದರೆ ಒಳಗೆ ಸುಣ್ಣ ಕಟ್ಟುವುದು. ತಯಾರಕರು ಹೇಳಿದ ದ್ರವವನ್ನೇ ಹಾಕತಕ್ಕದ್ದು. ಅನಂತರ ಒಳಗೆ ಸಿಕ್ಕಿದ ಗಾಳಿಯನ್ನು ಹೊರಡಿಸಬೇಕು. ಗಾಳಿ ಉಳಿದರೆ ಹೊಸ ಪಂಪೂ ವ್ಯರ್ಥ. ಕಳಚಿದ ತಂತಿಯನ್ನು ಮರಳಿ ಜೋಡಿಸಿ, ಕಾರನ್ನು ಬಯಲಿನಲ್ಲಿ ನಿಲ್ಲಿಸಿಯೇ ಚಾಲೂ ಮಾಡಿ, ಗುಳ್ಳೆಗಳು ನಿಲ್ಲುವವರೆಗೂ ಸ್ವಲ್ಪಸ್ವಲ್ಪವಾಗಿ ದ್ರವವನ್ನು ತುಂಬುತ್ತಿರಬೇಕು. ಮುಚ್ಚಿದ ಷೆಡ್ಡಿನಲ್ಲಿ ಚಾಲೂ ಮಾಡಿದರೆ ಹೊಗೆಯ ವಿಷವು ಪ್ರಾಣಾಪಾಯಕರ. ಮರುದಿನ ದ್ರವದ ಮಟ್ಟವನ್ನೂ ಸೋರಿಕೆಯನ್ನೂ ಮತ್ತೆ ನೋಡಬೇಕು.

ಇನ್ನೊಂದು ವಿಷಯವನ್ನು ನಾವು ಗ್ರಂಥದಿಂದಲ್ಲ, ಅನುಭವದಿಂದ ಹೇಳುತ್ತೇವೆ. ಅಳಿಯಂದಿರ ಕಾರಿನ ಪಂಪನ್ನು ಬದಲಾಯಿಸಿದ ದಿನ, ಇಳಿಸಿದ ದ್ರವದ ಬೋಗುಣಿಯನ್ನು ಜಗಲಿಯ ಮೇಲಿಟ್ಟು ಕೈತೊಳೆಯಲು ಒಳಗೆ ಹೋದೆವು. ಹಿಂದಿರುಗುವಷ್ಟರಲ್ಲಿ ಎರಡು ವರ್ಷದ ಮೊಮ್ಮಗನು ಅದರ ಮುಂದೆ ಕುಳಿತು, ಗುಲಾಬಿ ಬಣ್ಣದ ಆ ನೀರಿನಲ್ಲಿ ಬೆರಳದ್ದಲು ಕೈಚಾಚಿದ್ದನು. ದೈವಕೃಪೆಯಿಂದ ಅಷ್ಟರಲ್ಲಿಯೇ ಎತ್ತಿಕೊಂಡೆವು. ಆ ದ್ರವದಲ್ಲಿರುವುದು ಎಥಿಲೀನ್ ಗ್ಲೈಕಾಲ್. ರುಚಿಯಲ್ಲಿ ಸಿಹಿ, ಗುಣದಲ್ಲಿ ಘೋರ ವಿಷ. ಸ್ವಲ್ಪವೇ ಹೊಟ್ಟೆ ಸೇರಿದರೂ ಮೂತ್ರಪಿಂಡಗಳು ಕೆಡುವುವು, ಪ್ರಾಣವೂ ಹೋಗಬಹುದು. ನಾಯಿಬೆಕ್ಕುಗಳಿಗೂ ಇದೇ ಗತಿ. ಯಾರಾದರೂ ಕುಡಿದರೆಂಬ ಸಂಶಯ ಬಂದರೆ ಲಕ್ಷಣಗಳಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಅಡಿಗೆಯ ಪಾತ್ರೆಯನ್ನು ಈ ಕೆಲಸಕ್ಕೆ ಬಳಸಕೂಡದು. ಹಳೆಯ ದ್ರವವನ್ನು ಚರಂಡಿಗೂ ಗಿಡದ ಬುಡಕ್ಕೂ ಚೆಲ್ಲದೆ, ಭದ್ರವಾದ ಡಬ್ಬಿಯಲ್ಲಿ ತುಂಬಿ, ‘ವಿಷ’ ಎಂದು ಬರೆದು, ಅದನ್ನು ಸರಿಯಾಗಿ ವಿಲೇವಾರಿ ಮಾಡುವ ವರ್ಕ್‌ಷಾಪಿಗೆ ಒಪ್ಪಿಸತಕ್ಕದ್ದು. ತಿರುಪುಳಿಯನ್ನು ಕೈಗೆತ್ತಿಕೊಳ್ಳುವ ಮೊದಲೇ ಮಕ್ಕಳನ್ನು ಒಳಗೆ ಕಳುಹಿಸಿ, ಆ ಡಬ್ಬಿಯನ್ನು ಪಕ್ಕದಲ್ಲಿರಿಸಿಕೊಂಡವನೇ ಜಾಣನಾದ ಗೃಹಸ್ಥನು.