ಲಿನಕ್ಸ್‌ನಲ್ಲಿ ಸೌಂಡ್ ಬರುತ್ತಿಲ್ಲವೇ? ಡ್ರೈವರ್‌ಗೆ ಬೈಯುವ ಮುನ್ನ

ಲಿನಕ್ಸ್ ಹಾಕಿದ ಡೆಸ್ಕ್‌ಟಾಪ್‌ನಲ್ಲಿ ಸದ್ದು ನಿಂತುಹೋದರೆ ಸಿಗುವ ಮೊದಲ ಸಲಹೆ ಒಂದೇ: ‘ಲಿನಕ್ಸ್‌ಗೆ ಡ್ರೈವರ್ ಇಲ್ಲ ಬಿಡಿ, ಫಾರ್ಮ್ಯಾಟ್ ಮಾಡಿ.’ ಈ ಮಾತಿಗೆ ಆಧಾರ ಕಡಿಮೆ. ಆಲ್ಸಾ ಎಂಬ ಡ್ರೈವರ್‌ಗಳ ಗುಂಪು 2003ರ ಡಿಸೆಂಬರ್‌ನಲ್ಲಿ ಬಂದ 2.6 ಕರ್ನಲ್‌ನಿಂದಲೂ ಕರ್ನಲ್‌ನ ಭಾಗವಾಗಿದೆ. ಮದರ್‌ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರುವ ರಿಯಲ್‌ಟೆಕ್ ಚಿಪ್‌ಗಳಿಗೆ ಬೇರೆ ಡ್ರೈವರ್ ಹುಡುಕಬೇಕಾಗಿಲ್ಲ. ಟರ್ಮಿನಲ್‌ನಲ್ಲಿ ‘ಎಪ್ಲೇ -ಎಲ್’ ಎಂದು ಕೊಡಿ. ಪಟ್ಟಿಯಲ್ಲಿ ನಿಮ್ಮ ಕಾರ್ಡಿನ ಹೆಸರು ಕಂಡರೆ ಕರ್ನಲ್ ಅದನ್ನು ಗುರುತಿಸಿದೆ, ಡ್ರೈವರ್ ಕೂತಿದೆ ಎಂದೇ ಅರ್ಥ. ತೊಂದರೆ ಅದರಿಂದ ಮುಂದಕ್ಕೆಲ್ಲೋ ಇದೆ. ನಲ್ಲಿಯಲ್ಲಿ ನೀರು ಬರದಿದ್ದರೆ ಯಾರೂ ಮೊದಲು ಹೊಸ ಬೋರ್‌ವೆಲ್ ಕೊರೆಸುವುದಿಲ್ಲ, ವಾಲ್ವ್ ನೋಡುತ್ತಾರೆ.

ಬಹಳ ಸಲ ಸದ್ದು ನಿಂತಿರುವುದೇ ಇಲ್ಲ, ಬೇರೆ ಕಡೆಗೆ ಹೋಗುತ್ತಿರುತ್ತದೆ. ಮಾನಿಟರನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿದ್ದರೆ ಅದೂ ಒಂದು ಆಡಿಯೋ ಸಾಧನವಾಗಿ ಪಟ್ಟಿಯಲ್ಲಿ ಸೇರುತ್ತದೆ. ಮಾನಿಟರಿಗೆ ಸ್ಪೀಕರ್ ಇಲ್ಲದೆ ಬರೀ ಹೆಡ್‌ಫೋನ್ ಜ್ಯಾಕ್ ಇದ್ದರೂ ಹೀಗಾಗಬಹುದು. ಹಾಡು ಓಡುತ್ತದೆ, ಪರದೆಯ ಮೇಲೆ ಮಟ್ಟದ ಪಟ್ಟಿ ಕುಣಿಯುತ್ತದೆ, ಕಿವಿಗೆ ಮಾತ್ರ ಏನೂ ಬೀಳದು. ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗದಲ್ಲಿ ಔಟ್‌ಪುಟ್ ಬದಲಿಸಿದರೆ ಅಷ್ಟಕ್ಕೇ ಸರಿಹೋಗುತ್ತದೆ.

‘ವಾಲ್ಯೂಮ್ ಪೂರ್ತಿ ಏರಿಸಿದ್ದೇನೆ, ಆದರೂ ಇಲ್ಲ’ ಎನ್ನುವವರು ನೋಡಿರುವುದು ಮೇಲಿನ ಪದರವನ್ನು. ಕಾರ್ಡಿನ ಒಳಗೆ ಅದರದೇ ಮ್ಯೂಟ್ ಸ್ವಿಚ್‌ಗಳಿವೆ. ‘ಆಲ್ಸಾಮಿಕ್ಸರ್’ ತೆರೆದೊಡನೆ ಸಾಮಾನ್ಯವಾಗಿ ಒಂದೇ ಕಂಬ ಕಾಣುತ್ತದೆ. ಅಲ್ಲಿಗೇ ನಿಲ್ಲಬೇಡಿ. ಎಫ್6 ಒತ್ತಿ ನಿಜವಾದ ಕಾರ್ಡನ್ನು ಆರಿಸಿದರೆ ಮಾಸ್ಟರ್, ಹೆಡ್‌ಫೋನ್, ಫ್ರಂಟ್ ಎಂದು ಸಾಲಾಗಿ ಕಂಬಗಳು ಬರುತ್ತವೆ. ಯಾವುದಾದರೂ ಕಂಬದ ಬುಡದಲ್ಲಿ ‘ಎಂಎಂ’ ಎಂದಿದ್ದರೆ ಅದು ಮ್ಯೂಟ್ ಆಗಿದೆ. ಅದರ ಮೇಲೆ ನಿಂತು ಎಂ ಕೀ ಒತ್ತಿದರೆ ಸೊನ್ನೆಗಳು ಬರುತ್ತವೆ, ದಾರಿ ತೆರೆಯುತ್ತದೆ. ಅಲ್ಲೇ ಇರುವ ‘ಆಟೋ-ಮ್ಯೂಟ್’ ಕಡೆಗೂ ಕಣ್ಣು ಹಾಯಿಸಿ. ಮುಂದಿನ ಜ್ಯಾಕ್‌ನಲ್ಲಿ ಹೆಡ್‌ಫೋನ್ ಇದ್ದರೆ ಹಿಂದಿನ ಸ್ಪೀಕರನ್ನು ಅದು ಸುಮ್ಮನಾಗಿಸುತ್ತದೆ.

ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಹಾನಿ ಮಾಡಿರುವ ನಂಬಿಕೆ ‘ಎಲ್ಲದಕ್ಕೂ ಪಲ್ಸ್‌ಆಡಿಯೋ ಕಾರಣ, ಕಿತ್ತುಹಾಕಿ’ ಎಂಬುದು. ಪ್ರೋಗ್ರಾಂಗಳ ಸದ್ದನ್ನು ಡ್ರೈವರ್‌ಗೆ ತಲುಪಿಸಲು ಲೆನಾರ್ಟ್ ಪೋಟರಿಂಗ್ ಬರೆದ ಈ ಸೌಂಡ್ ಸರ್ವರ್ 2007ರಲ್ಲಿ ಫೆಡೋರಾ 8ಕ್ಕೆ, 2008ರಲ್ಲಿ ಉಬುಂಟು 8.04ಕ್ಕೆ ಬಂತು. ಆಗ ಜನ ಪರದಾಡಿದ್ದು ಸುಳ್ಳಲ್ಲ. ಅದು ಡ್ರೈವರ್‌ಗಳನ್ನು ಹಿಂದೆ ಯಾರೂ ಬಳಸದ ರೀತಿಯಲ್ಲಿ ಬಳಸತೊಡಗಿತು, ಅಲ್ಲಿಯವರೆಗೆ ಅಡಗಿದ್ದ ದೋಷಗಳೂ ಹೊರಬಿದ್ದವು. ಆದರೆ ಆ ಕಾಲದ ಮದ್ದು ಇಂದಿನ ಯಂತ್ರಕ್ಕೆ ಹೊಂದುವುದಿಲ್ಲ. ವಿಮ್ ಟೇಮನ್ಸ್ ಶುರುಮಾಡಿದ ಪೈಪ್‌ವೈರ್ ಈಗ ಆ ಜಾಗದಲ್ಲಿ ಕೂತಿದೆ. 2021ರ ಫೆಡೋರಾ 34ರಲ್ಲಿ, ಆಮೇಲೆ ಉಬುಂಟು 22.10ರಲ್ಲಿ ಅದೇ ಡೀಫಾಲ್ಟ್ ಆಯಿತು. ಹಳೆಯ ಪ್ರೋಗ್ರಾಂಗಳು ಕೆಲಸ ಮಾಡಲೆಂದು ಅದು ಪಲ್ಸ್‌ಆಡಿಯೋದ ಭಾಷೆಯಲ್ಲೇ ಉತ್ತರಿಸುವುದರಿಂದ, ‘ಪ್ಯಾಕ್ಟಲ್ ಇನ್ಫೋ’ ಕೊಟ್ಟರೆ ಸರ್ವರ್ ಹೆಸರಿನ ಮುಂದೆ ಪಲ್ಸ್‌ಆಡಿಯೋ ಎಂದೇ ಕಾಣುತ್ತದೆ. ಪಕ್ಕದಲ್ಲಿರುವ ‘ಆನ್ ಪೈಪ್‌ವೈರ್’ ಎಂಬ ಮಾತನ್ನು ಓದದೆ ಪ್ಯಾಕೇಜ್ ಅಳಿಸಲು ಹೊರಟರೆ, ಅದನ್ನು ನೆಚ್ಚಿದ ಬೇರೆ ಪ್ಯಾಕೇಜ್‌ಗಳೂ ಜೊತೆಗೆ ಹೋಗಬಹುದು.

ಇದರ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಆರ್ಕಾ ಎಂಬ ಸ್ಕ್ರೀನ್ ರೀಡರ್ ಬಳಸುವ ಅಂಧರು ಪರದೆಯಲ್ಲಿರುವುದನ್ನು ಕೇಳಿಯೇ ತಿಳಿಯುತ್ತಾರೆ. ಈಸ್ಪೀಕ್ ಎನ್‌ಜಿ ಇದ್ದರೆ ಕನ್ನಡದ ಸಾಲುಗಳನ್ನೂ ಅದು ಓದಿಹೇಳುತ್ತದೆ. ಅವರ ಯಂತ್ರದಲ್ಲಿ ಯಾರೋ ಆತುರಪಟ್ಟು ಸೌಂಡ್ ವ್ಯವಸ್ಥೆಯನ್ನೇ ತೆಗೆದರೆ, ಅದನ್ನು ಮರಳಿ ಹಾಕಿಕೊಳ್ಳುವ ದಾರಿಯೂ ಅವರಿಗೆ ಮುಚ್ಚಿಹೋಗುತ್ತದೆ. ಹಾಗಾಗಿ ಅಳಿಸುವ ಮುನ್ನ ರೀಸ್ಟಾರ್ಟ್ ಮಾಡಿ ಎಂದು ಒತ್ತಿ ಹೇಳುತ್ತೇನೆ: ‘ಸಿಸ್ಟಮ್‌ಸಿಟಿಎಲ್ --ಯೂಸರ್ ರೀಸ್ಟಾರ್ಟ್’ ಎಂದು ಬರೆದು, ಮುಂದೆ ಪೈಪ್‌ವೈರ್, ಪೈಪ್‌ವೈರ್-ಪಲ್ಸ್, ವೈರ್‌ಪ್ಲಂಬರ್ ಹೆಸರುಗಳನ್ನು ಕೊಟ್ಟರಾಯಿತು. ಇದಕ್ಕೆ ಸುಡೋ ಸೇರಿಸಬೇಡಿ. ಈ ಸೇವೆಗಳು ಓಡುವುದು ಲಾಗಿನ್ ಆದ ಬಳಕೆದಾರರ ಹೆಸರಿನಲ್ಲಿ. ಸುಡೋ ಹಾಕಿದರೆ ಆಜ್ಞೆ ರೂಟ್‌ನ ಕಡೆಗೆ ಹೋಗುತ್ತದೆ, ನಿಮ್ಮ ಸದ್ದು ಇದ್ದಲ್ಲೇ ಇರುತ್ತದೆ.

ಬ್ಲೂಟೂತ್ ಹೆಡ್‌ಸೆಟ್ ವಿಷಯದಲ್ಲೂ ಲಿನಕ್ಸ್ ಮೇಲೆ ಇಂಥದೇ ಆರೋಪ. ಹಾಡು ಚೆನ್ನಾಗಿದ್ದು, ಮೀಟಿಂಗ್ ಶುರುವಾದೊಡನೆ ದನಿ ಹಳೆಯ ಟೆಲಿಫೋನ್‌ನಂತಾಗುವುದು ಸಾಮಾನ್ಯ. ಮೈಕ್ ಬೇಕಾದಾಗ ಹೆಡ್‌ಸೆಟ್ ಹಾಡಿಗೆ ಬಳಸುವ ಎ2ಡಿಪಿ ಪ್ರೊಫೈಲ್ ಬಿಟ್ಟು ಹ್ಯಾಂಡ್ಸ್-ಫ್ರೀ ಪ್ರೊಫೈಲ್‌ಗೆ ಇಳಿಯುತ್ತದೆ. ಅಲ್ಲಿ ಸಾಮಾನ್ಯವಾಗಿ ಸಿಗುವುದು 8 ಅಥವಾ 16 ಕಿಲೋಹರ್ಟ್ಸ್ ಸ್ಯಾಂಪಲಿಂಗ್ ಮಾತ್ರ. ಇದು ಕ್ಲಾಸಿಕ್ ಬ್ಲೂಟೂತ್‌ನ ಮಿತಿ, ವಿಂಡೋಸ್‌ನಲ್ಲೂ ಇರುವುದೇ. ವೆಬ್‌ಕ್ಯಾಮ್‌ನ ಮೈಕ್ ಆರಿಸಿಕೊಂಡು ಹೆಡ್‌ಸೆಟ್ಟನ್ನು ಎ2ಡಿಪಿಯಲ್ಲೇ ಇಟ್ಟರೆ ದನಿ ಕೆಡುವುದಿಲ್ಲ.

ಡ್ರೈವರ್ ಕುರಿತ ದೂರು ಸತ್ಯಕ್ಕೆ ಹತ್ತಿರ ಬರುವ ಸಂದರ್ಭವೂ ಒಂದಿದೆ. ಇಂಟೆಲ್‌ನ ಆಡಿಯೋ ಡಿಎಸ್‌ಪಿ ಇರುವ ಹೊಸ ಲ್ಯಾಪ್‌ಟಾಪ್‌ಗಳಿಗೆ ಸೌಂಡ್ ಓಪನ್ ಫರ್ಮ್‌ವೇರ್ ಬೇಕು. ಅದಿಲ್ಲದಿದ್ದರೆ ಔಟ್‌ಪುಟ್ ಪಟ್ಟಿಯಲ್ಲಿ ‘ಡಮ್ಮಿ ಔಟ್‌ಪುಟ್’ ಒಂದೇ ಉಳಿಯಬಹುದು. ಆಗಲೂ ಫಾರ್ಮ್ಯಾಟ್ ಬೇಡ. ಡೆಬಿಯನ್‌ನಲ್ಲಾದರೆ ‘ಫರ್ಮ್‌ವೇರ್-ಸೋಫ್-ಸೈನ್ಡ್’ ಪ್ಯಾಕೇಜ್ ಹಾಕಿ ಯಂತ್ರವನ್ನು ಮತ್ತೆ ಶುರುಮಾಡಿ. ‘ಎಪ್ಲೇ -ಎಲ್’ ಈ ಸಲ ಕಾರ್ಡಿನ ಹೆಸರು ತೋರಿಸಿದರೆ ಕೊರತೆ ಫರ್ಮ್‌ವೇರ್‌ನದೇ ಆಗಿತ್ತು.