ದುರ್ಬೀನನ್ನು ಆರಿಸಿಕೊಳ್ಳುವ ಬಗೆ

ಮೂವತ್ತು ವರ್ಷಗಳ ಕಾಲ ನಾನು ತರಗತಿಗಳಲ್ಲಿ ಚಾತಕಪಕ್ಷಿಯ ವಿಚಾರವನ್ನು ಪಾಠ ಹೇಳಿದೆ. ಮಳೆಯ ಹನಿಯನ್ನಲ್ಲದೆ ಬೇರೆ ನೀರನ್ನು ಅದು ಮುಟ್ಟುವುದಿಲ್ಲವೆಂಬ ಕವಿಸಮಯವನ್ನು ವಿವರಿಸಿದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳನ್ನೂ ಕೊಟ್ಟೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಸಾರ್, ತಾವು ಅದನ್ನು ನೋಡಿದ್ದೀರಾ?” ಎಂದು ಕೇಳಿದಳು. ನಾನು ನೋಡಿರಲಿಲ್ಲ. ಆ ಪ್ರಶ್ನೆ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ನಿವೃತ್ತನಾದ ಮೇಲೆ ನಾನು ಮಾಡಿದ ಮೊದಲ ಖರ್ಚು ಒಂದು ದುರ್ಬೀನು.

ಅದನ್ನು ಆರಿಸುವುದರಲ್ಲಿ ಎಡವಿದೆ. “ಹನ್ನೆರಡು ಪಟ್ಟು ದೊಡ್ಡದಾಗಿ ಕಾಣುತ್ತದೆ, ಜೇಬಿನಲ್ಲೂ ಹಿಡಿಸುತ್ತದೆ” ಎಂಬ ಅಂಗಡಿಯವರ ಮಾತಿಗೆ ಮರುಳಾಗಿ ತಂದೆ. ಮುಂಗಾರಿನ ಆರಂಭದಲ್ಲಿ ನಾಗಮಂಗಲದ ಕಡೆಯ ಕುರುಚಲು ಕಾಡಿನಂಚಿನಲ್ಲಿ ನಿಂತಿದ್ದಾಗ ಜೊತೆಯಲ್ಲಿದ್ದ ಮಿತ್ರರು ಮೆಲ್ಲನೆ, “ಚಾತಕ! ಆ ಜಾಲಿಯ ತುದಿಯಲ್ಲಿ” ಎಂದರು. ದುರ್ಬೀನನ್ನು ಕಣ್ಣಿಗೆ ಹಿಡಿದೆ. ಬೀಗದ ಕಂಡಿಯಲ್ಲಿ ಇಣುಕಿದಂತಾಯಿತು. ಕೊಂಬೆ ನಡುಗಿತು, ಮುಗಿಲು ನಡುಗಿತು, ಜಾಲಿಮರವೇ ಸಿಕ್ಕಲಿಲ್ಲ. ಕೆಳಗಿಳಿಸಿದಾಗ ಹಕ್ಕಿ ಹಾರಿಹೋಗಿತ್ತು. ನನ್ನಂತೆ ಬೇರೆಯವರು ಎಡವದಿರಲೆಂದು ಈ ನಾಲ್ಕು ಮಾತು.

ಪ್ರತಿ ದುರ್ಬೀನಿನ ಮೇಲೂ ಎರಡು ಅಂಕಿಗಳಿರುತ್ತವೆ: 8×32, 10×25, 12×25 ಎಂಬಂತೆ. ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ಕಾಣುವುದೆಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರುಗಳಲ್ಲಿ. ನಾವೆಲ್ಲ ಮೊದಲ ಅಂಕಿಯನ್ನು ನೋಡಿ ಬೆರಗಾಗುತ್ತೇವೆ. ಆದರೆ ದುರ್ಬೀನು ಹಕ್ಕಿಯನ್ನು ಹನ್ನೆರಡು ಪಟ್ಟು ಹಿಗ್ಗಿಸುವಾಗ ನಮ್ಮ ಕೈಯ ನಡುಕವನ್ನೂ ಹನ್ನೆರಡು ಪಟ್ಟು ಹಿಗ್ಗಿಸುತ್ತದೆ. ಜೊತೆಗೆ ನೋಟದ ಹರವನ್ನು ಕುಗ್ಗಿಸುತ್ತದೆ. ಅರವತ್ತು ದಾಟಿದ ಕೈಗಳಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ.

ಇದನ್ನು ಪರೀಕ್ಷಿಸಲು ಶ್ರೀರಂಗಪಟ್ಟಣದ ರಂಗನತಿಟ್ಟಿಗಿಂತ ಒಳ್ಳೆಯ ಜಾಗವಿಲ್ಲ. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಈ ಕಾವೇರಿಯ ನಡುಗಡ್ಡೆಗಳು 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದವು. ಅಲ್ಲಿ ನಾವು ಕುಳಿತ ದೋಣಿಯೇ ಅಲುಗಾಡುತ್ತಿರುತ್ತದೆ. ಕೊಕ್ಕರೆ, ಚಮಚಕೊಕ್ಕು, ನೀರುಕಾಗೆಗಳು ಹತ್ತಿರದ ಮರಗಳಲ್ಲಿಯೇ ಗೂಡುಕಟ್ಟಿರುತ್ತವೆ. ಏಳು ಅಥವಾ ಎಂಟು ಪಟ್ಟು ಧಾರಾಳವಾಗಿ ಸಾಕು. ನೀರಿನ ಮೇಲೆ ಮಿಂಚುಳ್ಳಿ ಹಾಯುವಾಗ ಅದನ್ನು ಹಿಂಬಾಲಿಸಲು ಬೇಕಾದದ್ದು ನೋಟದ ಹರವು. ಪಾಂಡವಪುರದ ತೊಣ್ಣೂರು ಕೆರೆಯಂಥ ವಿಸ್ತಾರದಲ್ಲಿ ಮಾತ್ರ ಹತ್ತು ಪಟ್ಟಿನ ಆಸೆ ಹುಟ್ಟುವುದು ಸಹಜ. ಹಾಗಿದ್ದರೆ ಮೊಣಕೈಗೆ ಬಂಡೆಯ ಆಸರೆ ಹುಡುಕಿಕೊಳ್ಳಬೇಕು.

ಇನ್ನು ಎರಡನೆಯ ಅಂಕಿ. ಅದನ್ನು ಮೊದಲನೆಯದರಿಂದ ಭಾಗಿಸಿದರೆ ನಮ್ಮ ಕಣ್ಣಿಗೆ ಬಂದು ಸೇರುವ ಬೆಳಕಿನ ಕಂಬದ ಅಗಲ ದೊರೆಯುತ್ತದೆ. 8×32ರಲ್ಲಿ ಅದು 4 ಮಿಲಿಮೀಟರು. ನಾನು ಮೊದಲು ಕೊಂಡ 12×25ರಲ್ಲಿ ಎರಡಕ್ಕಿಂತ ತುಸುವೇ ಹೆಚ್ಚು. ನಡುಹಗಲಿನಲ್ಲಿ ಕಣ್ಣಿನ ಪಾಪೆ ಕಿರಿದಾಗಿರುವುದರಿಂದ ಕೊರತೆ ಅಷ್ಟಾಗಿ ತೋರದು. ಆದರೆ ಕೃಷ್ಣರಾಜಪೇಟೆಯ ಹೇಮಗಿರಿಯ ಬಳಿ ಹೇಮಾವತಿಯ ದಂಡೆಯಲ್ಲಿ ಸಂಜೆ ನಿಂತು ನೋಡಿ. ಬೆಳ್ಳಕ್ಕಿಗಳು ಗೂಡಿಗೆ ಮರಳುವ ಹೊತ್ತಿಗೆ ಪಾಪೆ ಹಿಗ್ಗುತ್ತದೆ. ದುರ್ಬೀನು ಕೊಡುವ ಬೆಳಕು ಸಾಲದೆ ಹಕ್ಕಿ ಬರಿಯ ಕರಿನೆರಳಾಗುತ್ತದೆ. ಎಳೆಯರ ಪಾಪೆ ಕತ್ತಲಲ್ಲಿ 7 ಮಿಲಿಮೀಟರಿನಷ್ಟು ಅರಳೀತು. ಮುಪ್ಪಿನಲ್ಲಿ ಅಷ್ಟು ಅರಳುವುದಿಲ್ಲ. ಆದ್ದರಿಂದ ನನ್ನಂಥವರು ತೀರ ಅಗಲದ ಗಾಜಿಗೆ ಹಣ ಸುರಿಯುವುದೂ ವ್ಯರ್ಥವೇ.

ಹಾಗಾದರೆ ಎಲ್ಲರೂ ಹೊಗಳುವ 8×42 ಏಕೆ ಬೇಡ? ಬೇಡವೆಂದಲ್ಲ, ಅದು ಉತ್ತಮವಾದದ್ದು. ಆದರೆ ಅದರ ತೂಕ ಮುಕ್ಕಾಲು ಕಿಲೋ ಆಸುಪಾಸಿನಲ್ಲಿರುತ್ತದೆ. ಪಾಂಡವಪುರದ ಕುಂತಿಬೆಟ್ಟದ ಬಂಡೆಗಳನ್ನು ಏರುವಾಗ ಕೊರಳಿಗೆ ತೂಗುಬಿದ್ದ ಆ ಭಾರ ಅರ್ಧದಾರಿಯಲ್ಲಿ ಚೀಲ ಸೇರುತ್ತದೆ. ಚೀಲದಲ್ಲಿರುವ ದುರ್ಬೀನು ಮನೆಯಲ್ಲಿರುವ ದುರ್ಬೀನಿಗೆ ಸಮ. ಅಂಗೈಯಗಲದ 8×25 ಹಗಲಿನ ಚಾರಣಕ್ಕೆ ಹಗುರ. ಬೆಳಕು, ಭಾರ ಎರಡನ್ನೂ ತೂಗಿನೋಡಿದರೆ 8×32 ನಡುದಾರಿ.

ಕನ್ನಡಕ ಧರಿಸುವವರು ಇನ್ನೊಂದು ಅಂಶವನ್ನು ವಿಚಾರಿಸಲೇಬೇಕು. ಕಣ್ಣಿಗೂ ಹಿಂದಿನ ಗಾಜಿಗೂ ನಡುವೆ ಎಷ್ಟು ಅಂತರವಿದ್ದರೂ ಪೂರ್ಣ ನೋಟ ಸಿಗುತ್ತದೆ ಎಂಬುದೇ ಅದು. ಈ ಅಂತರ 15 ಮಿಲಿಮೀಟರಿಗೆ ಕಡಿಮೆಯಾದರೆ ಕನ್ನಡಕ ಅಡ್ಡ ಬಂದು ದೃಶ್ಯದ ಅಂಚು ಕತ್ತರಿಸಿಹೋಗುತ್ತದೆ. ನನ್ನ ಬೀಗದ ಕಂಡಿಯ ರಹಸ್ಯ ಇದೇ ಆಗಿತ್ತು.

ಕೊಳ್ಳುವಾಗ ಅಂಗಡಿಯಿಂದ ಹೊರಗೆ ಬಂದು ದೂರದ ಫಲಕವೊಂದನ್ನು ನೋಡಿರಿ. ಎರಡು ಕೊಳವೆಗಳನ್ನು ಮಡಿಸಿ, ಎರಡು ವೃತ್ತಗಳು ಒಂದಾಗುವಂತೆ ಮಾಡಿರಿ. ಬಲಗಣ್ಣನ್ನು ಮರೆಮಾಡಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟಗೊಳಿಸಿ. ಅನಂತರ ಎಡಗಣ್ಣನ್ನು ಮರೆಮಾಡಿ ಬಲಗಡೆಯ ಬಳೆಯನ್ನು ತಿರುಗಿಸಿರಿ. ಇಷ್ಟರ ಮೇಲೂ ಎರಡು ನಿಮಿಷದಲ್ಲಿ ಕಣ್ಣು ಜಗ್ಗಿದಂತಾದರೆ ಕೊಳವೆಗಳು ಸಮರೇಖೆಯಲ್ಲಿಲ್ಲ. ಅದನ್ನು ಅಲ್ಲಿಯೇ ಹಿಂದಿರುಗಿಸಿರಿ. ಮುಂದಿನ ಗಾಜು ಕೆಂಪಾಗಿ ಥಳಥಳಿಸಿದರೆ ಮಾರುಹೋಗಬೇಡಿರಿ. ಒಳ್ಳೆಯ ಲೇಪ ಮಂಕಾದ ಹಸಿರೋ ನೇರಳೆಯೋ ಆಗಿರುತ್ತದೆ. ಮನೆಗೆ ತಂದ ಮೇಲೆ ಪಂಚೆಯ ಸೆರಗಿನಿಂದ ಗಾಜು ಒರೆಸುವ ಅಭ್ಯಾಸವನ್ನು ಬಿಡಬೇಕು. ಮೊದಲು ಧೂಳನ್ನು ಊದಿ ತೆಗೆಯಬೇಕು. ಮಳೆಗಾಲದ ತೇವದಲ್ಲಿ ಗಾಜಿಗೆ ಬೂಷ್ಟು ಹಿಡಿಯದಂತೆ ಒಣಡಬ್ಬಿಯಲ್ಲಿಡಬೇಕು. ಸೂರ್ಯನತ್ತ ಮಾತ್ರ ಎಂದೆಂದಿಗೂ ತಿರುಗಿಸಕೂಡದು, ಕಣ್ಣೇ ಹೋದೀತು.

ಹಿಂದೆ ಈ ಸಾಧನ ಬೇಟೆಗಾರರ ಸಂಗಾತಿಯೂ ಆಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಮೋಜಿನ ಬೇಟೆಗೆ ನಮ್ಮಲ್ಲಿ ಸ್ಥಾನವಿಲ್ಲ. ಮೇಲುಕೋಟೆಯ ತೋಳ, ಆದಿಚುಂಚನಗಿರಿಯ ನವಿಲು ಈಗ ಧಾಮಗಳ ಆಶ್ರಯದಲ್ಲಿವೆ. ಬಾಲ್ಯದಲ್ಲಿ ಗಾಳಿಕೋವಿಯಿಂದ ಗುಬ್ಬಿಯೊಂದನ್ನು ಹೊಡೆದುರುಳಿಸಿದ ಸಲೀಂ ಅಲಿಯವರೇ ಅದರ ಹೆಸರು ತಿಳಿಯಹೋಗಿ ಪಕ್ಷಿವಿಜ್ಞಾನಿಯಾದರಷ್ಟೆ. ಬೇಟೆಗಾರ ಹಕ್ಕಿಯ ಸಮೀಪಕ್ಕೆ ಹೋಗಲೇಬೇಕಾಗಿತ್ತು. ದುರ್ಬೀನು ಹಿಡಿದವನಿಗೆ ಆ ಅಗತ್ಯವಿಲ್ಲ. ಗೂಡಿನಿಂದ ದೂರವೇ ನಿಲ್ಲುವುದು ಅವನ ಮರ್ಯಾದೆ.

ನಾನೀಗ 8×32 ಒಂದನ್ನು ಬಳಸುತ್ತಿದ್ದೇನೆ. ಕಳೆದ ಮುಂಗಾರಿನಲ್ಲಿ ಅದೇ ನಾಗಮಂಗಲದ ಹಾದಿಯಲ್ಲಿ, ಪೊದೆಯೊಂದರ ಮೇಲೆ, ಕೊನೆಗೂ ಚಾತಕ ದರ್ಶನ ಕೊಟ್ಟಿತು. ಕಪ್ಪು ಬೆನ್ನು, ಬಿಳಿಯ ಎದೆ, ತಲೆಯ ಮೇಲೆ ಜುಟ್ಟು, ರೆಕ್ಕೆಯಲ್ಲೊಂದು ಬಿಳಿಯ ಮಚ್ಚೆ. ಮಳೆ ಸುರಿಯುತ್ತಲೇ ಇತ್ತು. ಅದು ಬಾಯ್ದೆರೆದು ಮುಗಿಲನ್ನು ನೋಡುತ್ತಿರಲಿಲ್ಲ. ಕಂಬಳಿಹುಳುವೊಂದನ್ನು ನಿರಾತಂಕವಾಗಿ ನುಂಗುತ್ತಿತ್ತು. ಆ ವಿದ್ಯಾರ್ಥಿನಿ ಈಗ ಎಲ್ಲಿರುವಳೋ ತಿಳಿಯದು. ಈ ಭಾಷಣ ಅವಳ ಕಿವಿಗೇನಾದರೂ ಬಿದ್ದರೆ, ನೋಡಿದೆನಮ್ಮಾ ಎಂದು ಹೇಳುವಷ್ಟು ಧೈರ್ಯ ನನಗೆ ಬಂದಿದೆ.